ಭಾವನ ಕಲ್ಲು, ನನ್ನ ಬೆನ್ನುನೋವು

ಚಾಮರಾಜನಗರದ ಬಸ್ ನಿಲ್ದಾಣದಿಂದ ನಾಲ್ಕು ಹೆಜ್ಜೆ ನಡೆದರೆ ನನ್ನ ಟೈಲರ್ ಅಂಗಡಿ. ಗಂಡಸರ ಪ್ಯಾಂಟು ಹೊಲಿಯುವವನಿಗೆ ಊರಿನ ಗಂಡಸರ ಗುಟ್ಟೆಲ್ಲ ಗೊತ್ತಿರುತ್ತದೆ. ಯಾರ ಹೊಟ್ಟೆ ಎಷ್ಟು ಮುಂದೆ ಬಂತು, ಯಾರು ಅಳತೆ ಕೊಡುವಾಗ ಉಸಿರು ಎಳೆದುಕೊಂಡು ನಿಲ್ಲುತ್ತಾರೆ, ಎಲ್ಲವೂ ನನ್ನ ಟೇಪಿಗೆ ತಿಳಿಯುತ್ತದೆ. ಆದರೆ ನನ್ನದೇ ಸೊಂಟದ ಕೆಳಗೆ ಏನು ನಡೆಯುತ್ತಿದೆ ಎಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ಆಗ ನನಗೆ ಅರವತ್ತಮೂರು.

ಮೊದಲು ಕಂಡುಹಿಡಿದದ್ದು ಹೆಂಡತಿ. ನಾನು ಮೂತ್ರಕ್ಕೆ ಹೋದರೆ ಬೇಗ ಹೊರಗೆ ಬರುತ್ತಿರಲಿಲ್ಲ. ಬಂದ ಹತ್ತು ನಿಮಿಷಕ್ಕೆ ಮತ್ತೆ ಹೋಗುತ್ತಿದ್ದೆ.

"ಅಲ್ಲಾ ಕಣ್ರೀ, ನೀವು ಒಳಗ ಓಗಿ ಬರಾದ್ರೊಳಗ ಅನ್ನ ಬೆಂದೋಯ್ತದ. ಒಳಗೇನಾರ ಪೇಪರ್ ಓದ್ತೀರಾ?" ಎಂದಳು ಒಂದು ದಿನ.

"ವಯಸ್ಸು" ಎಂದೆ.

"ವಯಸ್ಸು ನಂಗೂ ಆಗದ. ನಾನೇನ್ ಅಲ್ಲೇ ಮನೆ ಮಾಡ್ಕಂಡಿಲ್ಲ" ಎಂದು, ಮಾರನೆಯ ದಿನವೇ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ರಕ್ತಪರೀಕ್ಷೆ ಆಯಿತು. ಅದರಲ್ಲಿ ಏನೋ ಹೆಚ್ಚಿದೆ ಎಂದು ಮೈಸೂರಿಗೆ ಕಳಿಸಿದರು. ಅಲ್ಲಿ ಸ್ಕ್ಯಾನಿಂಗ್ ಆಯಿತು, ಆಮೇಲೆ ಸೂಜಿ ಚುಚ್ಚಿ ಚೂರು ಮಾಂಸ ತೆಗೆದು ಪರೀಕ್ಷೆ ಮಾಡಿದರು. ಆ ಸೂಜಿಯ ವಿಷಯ ನಾನು ಇಲ್ಲಿ ಬರೆಯುವುದಿಲ್ಲ. ನಲವತ್ತು ವರ್ಷ ಸೂಜಿ ಹಿಡಿದವನು ಒಂದು ಸೂಜಿಗೆ ಅಷ್ಟು ಹೆದರಬಾರದಿತ್ತು ಎಂದಷ್ಟೇ ಹೇಳಬಲ್ಲೆ.

ಮೈಸೂರಿನ ಡಾಕ್ಟರಿಗೆ ನನ್ನ ಅರ್ಧ ವಯಸ್ಸು. ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಮೂತ್ರಕೋಶದ ಬುಡದಲ್ಲಿ ನೆಲ್ಲಿಕಾಯಿ ಗಾತ್ರದ ಒಂದು ಗ್ರಂಥಿ. ಅದರ ಹೆಸರು ಪ್ರಾಸ್ಟೇಟ್. ಅದರಲ್ಲಿ ಕ್ಯಾನ್ಸರ್ ಇದೆ. ಗ್ರಂಥಿ ಬಿಟ್ಟು ಹೊರಗೆ ಹೋಗಿಲ್ಲ.

"ಗಾಬರಿಯಾಗಬೇಡಿ. ನಾಳೆಯೇ ಏನೋ ಮಾಡಬೇಕು ಅಂತಿಲ್ಲ. ಹಾಗಂತ ಸುಮ್ಮನೆ ಬಿಡೋ ಹಂತದಲ್ಲೂ ಇಲ್ಲ. ಎರಡು ದಾರಿ ಇವೆ. ಆಪರೇಷನ್ ಮಾಡಿ ಗ್ರಂಥಿ ತೆಗೆಯಬಹುದು. ಅಥವಾ ರೇಡಿಯೇಷನ್ ಕೊಡಬಹುದು, ಜೊತೆಗೆ ಕೆಲವು ತಿಂಗಳು ಇಂಜೆಕ್ಷನ್. ನಿಮ್ಮ ಮಟ್ಟಿಗೆ ಎರಡೂ ಸರಿಯೇ. ಯೋಚನೆ ಮಾಡಿಕೊಂಡು ಬನ್ನಿ" ಎಂದರು.

ನನಗೆ ಕ್ಯಾನ್ಸರ್ ಎಂಬ ಮಾತಿಗಿಂತ ಆ ಕೊನೆಯ ಮಾತು ಹೆಚ್ಚು ಹೆದರಿಸಿತು. ಜೇಬು ಸೈಡಿಗೆ ಇಡಲೋ ಕ್ರಾಸ್ ಇಡಲೋ ಎಂದು ಗಿರಾಕಿಯನ್ನು ಕೇಳುವವನು ನಾನು. ಎಷ್ಟೋ ಜನ "ನೀವೇ ನೋಡಿ ಇಟ್ಬುಡಿ" ಎನ್ನುತ್ತಾರೆ. ನಾನೂ ಡಾಕ್ಟರಿಗೆ ಹಾಗೆಯೇ ಎಂದೆ. ಅವರು ತಲೆಯಾಡಿಸಿ, "ದೇಹ ನಿಮ್ಮದು. ಎರಡಕ್ಕೂ ಅದರದ್ದೇ ತೊಂದರೆಗಳಿವೆ. ಯಾವುದನ್ನು ತಡೆದುಕೊಳ್ಳುತ್ತೀರಿ ಅಂತ ನೀವೇ ಹೇಳಬೇಕು" ಎಂದರು.

ವಾಪಸು ಬರುವಾಗ ಬಸ್ಸು ನಂಜನಗೂಡು ದಾಟಿತು. ಆಮೇಲೆ ಅವಳು ಕೇಳಿದಳು:

"ಆ ನೆಲ್ಲಿಕಾಯಿ ನಂಗೂ ಇದ್ದದಾ?"

"ಇಲ್ಲ. ಗಂಡಸರಿಗೆ ಮಾತ್ರ."

"ಅಂತೂ ನಮಗಿಂತ ನಿಮ್ಗ ಜಾಸ್ತಿ ಕೊಟ್ಟಿದ್ದು ಅದೊಂದೇ. ಅದನ್ನೂ ಕೆಡಿಸ್ಕಂಡ್ರಿ" ಎಂದು ಕಿಟಕಿಯ ಕಡೆ ತಿರುಗಿದಳು. ಸೆರಗು ಕಣ್ಣಿಗೆ ಹೋದದ್ದನ್ನು ನಾನು ನೋಡಿದೆ. ನೋಡಲಿಲ್ಲವೆಂಬಂತೆ ಕೂತೆ.

ಊರಿನಲ್ಲಿ ಯಾರಿಗೂ ಹೇಳಬಾರದು ಎಂದು ನಾನು ಹಟ ಹಿಡಿದೆ. ಹೃದಯ, ಶ್ವಾಸಕೋಶ ಎಂದರೆ ಜನಕ್ಕೆ ಮರ್ಯಾದೆಯಿಂದ ಹೇಳಬಹುದು. ಇದನ್ನು ಎಲ್ಲಿ ಎಂದು ತೋರಿಸುವುದು? ಪದೇ ಪದೇ ಮೈಸೂರಿಗೆ ಯಾಕೆ ಎಂದು ಕೇಳಿದವರಿಗೆ ಬೆನ್ನುನೋವು ಎಂದುಬಿಟ್ಟೆ. ಅದರ ಫಲ ಬೇಗನೇ ಉಣ್ಣಬೇಕಾಯಿತು. ಉಮ್ಮತ್ತೂರಿನಿಂದ ಬರುವ ನನ್ನ ಹಳೆಯ ಗಿರಾಕಿಯೊಬ್ಬ ಯಾವುದೋ ಬೇರು ಕಾಯಿಸಿದ ಎಣ್ಣೆ ತಂದು, ಬೇಡಬೇಡವೆಂದರೂ ಕೇಳದೆ, ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ನನ್ನನ್ನು ಬೋರಲು ಮಲಗಿಸಿ ತಿಕ್ಕಿದ. "ಈಗೆಂಗದ?" ಎಂದು ಕೇಳಿದಾಗ ವಾಸಿ ಎನ್ನದೆ ಬೇರೆ ದಾರಿ ಇರಲಿಲ್ಲ. ಅವನು ಮುಂದಿನ ವಾರವೂ ಬಂದ.

ನಗು ಬರುವಂಥದ್ದು ಅಷ್ಟೇ. ಉಳಿದ ಹೊತ್ತೆಲ್ಲ ಭಯ. ಒಬ್ಬರು ಮಗನ ಮದುವೆಗೆಂದು ಸೂಟಿನ ಬಟ್ಟೆ ತಂದು, "ಅವಸರ ಇಲ್ಲ, ಮದುವೆ ಇನ್ನೂ ಎಂಟು ತಿಂಗಳದೆ" ಎಂದರು. ಚೀಟಿಯ ಮೇಲೆ ಕೊಡುವ ದಿನ ಬರೆಯಲು ನನ್ನ ಪೆನ್ನು ಏಳಲಿಲ್ಲ. ಎಂಟು ತಿಂಗಳಿಗೆ ಈ ಮಿಷನ್ನಿನ ಮುಂದೆ ಯಾರು ಕೂತಿರುತ್ತಾರೋ ಅನ್ನಿಸಿತು. ಆಪರೇಷನ್ ಆದರೆ ಮೂತ್ರ ಸೋರಬಹುದು ಎಂದಿದ್ದರು. ಗಿರಾಕಿಯ ಮುಂದೆ ಮಂಡಿಯೂರಿ ಕಾಲಳತೆ ತೆಗೆಯುವಾಗ ನನ್ನ ಪ್ಯಾಂಟೇ ಒದ್ದೆಯಾದರೆ? ಇನ್ನೊಂದು ಭಯವನ್ನು ನಾನು ಹೆಂಡತಿಗೂ ಹೇಳಿರಲಿಲ್ಲ. ಅದು ಗಂಡ ಹೆಂಡಿರ ವಿಷಯ. ಈ ವಯಸ್ಸಿನಲ್ಲಿ ಅದಕ್ಕೆ ಅಳುವುದೇ ಎಂದು ನನಗೇ ನಾಚಿಕೆಯಾಗುತ್ತಿತ್ತು.

ಎರಡು ವಾರ ಕಳೆದರೂ ನಾನು ಯಾವ ದಾರಿ ಎಂದು ಹೇಳಲಿಲ್ಲ. ಹೆಂಡತಿಗೆ ಸಾಕಾಯಿತು.

"ಗುಂಡ್ಲುಪೇಟೆಗ ಓಗನ ನಡೀರಿ. ನಮ್ಮಣ್ಣನ್ನ ಕೇಳನ."

ನಾನು ಖಡಾಖಂಡಿತ ಆಗುವುದಿಲ್ಲ ಎಂದೆ. ಅವಳ ಅಣ್ಣ, ನನ್ನ ಭಾವ, ಗುಂಡ್ಲುಪೇಟೆಗೆ ಹತ್ತಿರದ ಹಳ್ಳಿಯಲ್ಲಿ ಅರಿಶಿನ, ಚೆಂಡುಹೂ ಬೆಳೆಯುವ ರೈತ. ದಪ್ಪ ಮೀಸೆ, ದೊಡ್ಡ ಗಂಟಲು. ಮದುವೆಯಾದ ದಿನದಿಂದ ನನ್ನನ್ನು ಛೇಡಿಸುವುದೇ ಅವನ ಹಬ್ಬ. ಹೊಲ ಉಳದ ಗಂಡಸು ಅರ್ಧ ಗಂಡಸು ಎಂಬುದು ಅವನ ಸಿದ್ಧಾಂತ. ಅವನ ಮುಂದೆ ಹೋಗಿ ಇದನ್ನು ಹೇಳುವುದೇ?

ಹೋದೆವು. ಈ ಮನೆಯಲ್ಲಿ ನಾನು ಖಡಾಖಂಡಿತ ಎಂದದ್ದೆಲ್ಲ ಹಾಗೆಯೇ ಆಗುವುದು.

ಭಾವನ ಹೆಂಡತಿ ಮುದ್ದೆ, ಉಪ್ಸಾರು ಮಾಡಿ ಬಡಿಸಿದರು. ಊಟವಾದ ಮೇಲೆ ಹೆಂಗಸರು ಒಳಗೆ ಉಳಿದರು. ಭಾವ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋದ. ಚೆಂಡುಹೂ ಅರಳಿ ನಿಂತಿತ್ತು. ರಸ್ತೆಯಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆದುಕೊಳ್ಳಲು ಹೊಲಕ್ಕೆ ಇಳಿದಿದ್ದ ಕೇರಳದ ಯಾರೋ ಗಂಡ ಹೆಂಡತಿಯನ್ನು ಅವನು ಮಲಯಾಳದಲ್ಲಿ ನಾಲ್ಕು ಮಾತು ಬೈದು ಓಡಿಸಿದ. ಅಷ್ಟರಲ್ಲಿ ನನಗೆ ಅವಸರವಾಯಿತು. ಬದುವಿನ ಆಚೆ ಹೋಗಿ ನಿಂತೆ. ನಿಂತೇ ಇದ್ದೆ.

"ಏನ್ ಬಾವ, ಹೊಲಕ್ಕೆಲ್ಲ ನೀರು ಕಟ್ತಾ ಇದ್ದೀರಾ? ಹೂವ ಬಾಡೋಯ್ತದ, ಬನ್ನಿ" ಎಂದು ಕೂಗಿದ.

ಯಾಕೋ ಆ ಮಾತಿಗೆ ನನಗೆ ನಗುವೂ ಅಳುವೂ ಒಟ್ಟಿಗೆ ಬಂತು. ತಿರುಗಿ ಬಂದು ಬದುವಿನ ಮೇಲೆ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಕ್ಯಾನ್ಸರ್ ಎಂದೆ. ಎಲ್ಲಿ ಎಂದೆ. ಎರಡು ದಾರಿ ಎಂದೆ.

ಭಾವ ನಗಲಿಲ್ಲ. ಒಂದು ಹೂ ಕಿತ್ತು ಎಸಳು ಒಂದೊಂದಾಗಿ ಬಿಡಿಸಿದ. ಆಮೇಲೆ ಕೇಳಿದ:

"ನಾಕು ವರ್ಸದ ಕೆಳಗ ನಂಗ ಕಿಡ್ನಿ ಕಲ್ಲಾಗಿ ಆಪರೇಸನ್ ಆಯ್ತಲ್ಲ, ಗ್ಯಾನ ಅದಾ?"

ಮರೆಯುವುದೆಲ್ಲಿ ಬಂತು? ನೆಂಟರೆಲ್ಲ ನೋಡಲು ಹೋಗಿದ್ದೆವು. ಒಂದು ಸಣ್ಣ ಡಬ್ಬಿಯಲ್ಲಿ ಹತ್ತಿಯ ಮೇಲೆ ಆ ಕಲ್ಲನ್ನು ಇಟ್ಟುಕೊಂಡು, ಬಂದವರಿಗೆಲ್ಲ ತೋರಿಸಿದ್ದ. ಅಷ್ಟು ದೊಡ್ಡ ಕಲ್ಲು ಒಳಗಿಟ್ಟುಕೊಂಡು ಹೇಗೆ ಉತ್ತಿರಿ ಎಂದು ನಾನೇ ಕೈಮುಗಿದಿದ್ದೆ.

"ಅದು ಕಿಡ್ನಿ ಕಲ್ಲಲ್ಲ ಬಾವ. ನಮ್ಮೊಲದ ಕಲ್ಲು" ಎಂದ ಭಾವ. "ನಂದೂ ಇದೇ. ನಿಮ್ಮದೇ ಕಾಯ್ಲೆ."

ನಾನು ಅವನ ಮುಖವನ್ನೇ ನೋಡಿದೆ.

"ನಿಮ್ಮ ತಂಗಿಗೂ ಗೊತ್ತಿಲ್ವಾ?"

"ಯಾರ್ಗೂ ಇಲ್ಲ. ಮನೇಲಿ ಇವ್ಳಿಗ ಬುಟ್ಟು. ಕಲ್ಲು ಆರ್ಸಿ ತೊಳ್ದು ಕೊಟ್ಟೋಳೇ ಇವ್ಳು."

ಆಗ ನಾವಿಬ್ಬರೂ ನಗಲು ಶುರುಮಾಡಿದೆವು. ಅರವತ್ತು ದಾಟಿದ ಇಬ್ಬರು ಗಂಡಸರು ಚೆಂಡುಹೂವಿನ ನಡುವೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಗು ನಿಂತ ಮೇಲೆ ಅವನು ಮೆಲ್ಲಗೆ ಎಲ್ಲ ಹೇಳಿದ. ಆಪರೇಷನ್ ಆದ ಮೇಲೆ ಐದಾರು ತಿಂಗಳು ಮೂತ್ರ ಸೋರುತ್ತಿತ್ತಂತೆ. ಗುಂಡ್ಲುಪೇಟೆಯಲ್ಲಿ ಪ್ಯಾಡ್ ಕೊಂಡರೆ ಯಾರಾದರೂ ನೋಡುತ್ತಾರೆಂದು ಕಾಡು ದಾಟಿ ಕೇರಳದ ಸುಲ್ತಾನ್ ಬತ್ತೇರಿಗೆ ಹೋಗಿ ತರುತ್ತಿದ್ದನಂತೆ. ಈಗ ಸೀನಿದರೆ, ಭಾರ ಎತ್ತಿದರೆ ಒಂದು ಹನಿ, ಅಷ್ಟೇ.

ನಾನು ಧೈರ್ಯ ಮಾಡಿ ಕೇಳಿದೆ. "ಮತ್ತೆ... ಅದು?"

"ಅದು ಮೊದಲ್ನಂಗಿಲ್ಲ" ಎಂದು ಮೀಸೆಯ ಮೇಲೆ ಕೈಯಾಡಿಸಿದ. "ನಾನು ಬೋ ದುಕ್ಕಪಟ್ಕಂಡು ಇವ್ಳಿಗ ಯೋಳ್ದಿ. ಇವ್ಳೇನಂದ್ಲು ಗೊತ್ತಾ? ಮೊದ್ಲೇನ್ ಮಹಾ ಇತ್ತು ಬುಡಿ, ಅಂದ್ಬುಟ್ಲು."

ಏಳುವ ಮುನ್ನ ಅವನು ಇನ್ನೊಂದು ಮಾತು ಹೇಳಿದ. ಅದೇ ನನಗೆ ಆ ದಿನದ ದೊಡ್ಡ ಮಾತು. "ಆಪರೇಸನ್ ತಪ್ಪು ಅಂತಲ್ಲ ಬಾವ. ನಾನು ಚೆನ್ನಾಗೇ ಇವ್ನಿ. ಆದ್ರ ನಂಗೂ ಎಲ್ಡು ದಾರಿ ಅಂದಿದ್ರು. ಕ್ಯಾನ್ಸರ್ ಅಂದೇಟ್ಗೇ ಎದ್ರಿ, ತಗ್ದು ಎಸ್ದುಬುಡಿ ಅಂದ್ಬುಟ್ಟಿ. ಒಂದ್ ಮಾತೂ ಕೇಳ್ನಿಲ್ಲ. ನೀವು ಕೇಳಿ. ಎಲ್ಲಾನೂ ಕೇಳ್ಕಂಡು ಮಾಡಿ."

ಅವನು ಒಪ್ಪಿದ ಮೇಲೆ ಮನೆಗೆ ಹೋಗಿ ನನ್ನ ಹೆಂಡತಿಗೂ ಹೇಳಿದೆವು. ಅವಳು ಅಣ್ಣನನ್ನು ಒಂದು ಗಳಿಗೆ ಬೈದಳು, ಒಂದು ಗಳಿಗೆ ಅತ್ತಳು. ಆಮೇಲೆ "ಆ ಕಲ್ಲಿಗ ನಾನು ಇಬೂತಿ ಇಕ್ಕಿ ಕೈಮುಗ್ದಿದ್ನಲ್ಲಣ್ಣ!" ಎಂದು ಅವಳೂ ನಕ್ಕಳು.

ಊರಿಗೆ ಬಂದು ಅಳತೆ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ ಪ್ರಶ್ನೆಗಳನ್ನು ಬರೆದೆವು. ನಾನು ಆರು ಬರೆದೆ, ಅವಳು ಒಂಬತ್ತು ಬರೆಸಿದಳು. ಮೈಸೂರಿನಲ್ಲಿ ಡಾಕ್ಟರು ಒಂದೊಂದಕ್ಕೂ ಬೇಸರವಿಲ್ಲದೆ ಉತ್ತರ ಕೊಟ್ಟರು. ಮೊದಲಿನಿಂದಲೂ ನನಗಿರುವ ಸಕ್ಕರೆ ಕಾಯಿಲೆಗೆ ಯಾವುದು ಹೇಗೆ, ಎಷ್ಟು ದಿನಕ್ಕೆ ಮಿಷನ್ ತುಳಿಯಬಹುದು, ಒಂದು ಫಲಿಸದಿದ್ದರೆ ಮುಂದೇನು, ಎಲ್ಲವೂ ಆಯಿತು. ಕೊನೆಯ ಪ್ರಶ್ನೆಗೆ ಬಂದಾಗ ನಾನು ಪುಸ್ತಕ ಮುಚ್ಚಿದೆ. ಹೆಂಡತಿ ಅದನ್ನು ಕಿತ್ತುಕೊಂಡು, ತಲೆ ಎತ್ತಿ ಡಾಕ್ಟರನ್ನೇ ನೋಡಿ ಕೇಳಿದಳು:

"ಸಂಸಾರಕ್ಕ ಏನಾರ ತೊಂದ್ರ ಆದದಾ ಸಾ? ಇವ್ರು ಅದನ್ನೇ ಮನಸ್ಸಲ್ಲಿ ಇಟ್ಕಂಡು ಕೊರಗ್ತಾವ್ರ. ಬಾಯಿ ಬುಟ್ಟು ಕೇಳಲ್ಲ."

ಮೂವತ್ತೇಳು ವರ್ಷ ಜೊತೆಗಿದ್ದವಳಿಗೆ ಹೇಳದೆಯೂ ಗೊತ್ತಿತ್ತು. ಡಾಕ್ಟರು ನಗದೆ, ಸುತ್ತಿಬಳಸದೆ ಹೇಳಿದರು. ಎರಡರಲ್ಲೂ ತೊಂದರೆ ಆಗಬಹುದು. ಆಪರೇಷನ್ನಿನಲ್ಲಿ ಬೇಗ, ರೇಡಿಯೇಷನ್ನಿನಲ್ಲಿ ನಿಧಾನ. ಇಂಜೆಕ್ಷನ್ ಗಂಡಸಿನ ಹಾರ್ಮೋನನ್ನೇ ತಗ್ಗಿಸುವುದರಿಂದ ಅದಿರುವಷ್ಟು ತಿಂಗಳು ಆಸೆಯೇ ಕಡಿಮೆ. ಅವಳು "ಸರಿ, ಅಷ್ಟೇ ತಾನೇ" ಎಂದಳು. ಮಂಡಿಯೂರಿ ಅಳತೆ ತೆಗೆಯುವವನಿಗೆ ಸೋರುವ ಭಯ ಕಡಿಮೆ ಇರುವುದೇ ವಾಸಿ ಎಂದು ನಾನು ರೇಡಿಯೇಷನ್ ಎಂದೆ. ಹೇಳಿದ ಕೂಡಲೇ ಮೈ ಹಗುರವಾಯಿತು.

ವಾರಕ್ಕೆ ಐದು ದಿನ ಬೆಳಗಿನ ರೈಲಿಗೆ ಮೈಸೂರು. ಅಲ್ಲಿನ ನಿಯಮ ನನಗೆಂದೇ ಮಾಡಿದಂತಿತ್ತು. ರೇಡಿಯೇಷನ್ ಕೊಡುವಾಗ ಮೂತ್ರಕೋಶ ತುಂಬಿರಬೇಕು. ನೀರು ಕುಡಿದು, ತಡೆದುಕೊಂಡು ಕೂರಬೇಕು. ಒಂದು ವರ್ಷದಿಂದ ತಡೆಯಲಾರದೆ ಓಡಾಡಿದವನಿಗೆ ತಡೆದುಕೋ ಎಂದರು! ಎರಡು ಸಲ ಬೇಗ ಎದ್ದು ಹೋಗಿ ಬಂದು, ಮತ್ತೆ ಮೊದಲಿನಿಂದ ನೀರು ಕುಡಿಯುವ ಶಿಕ್ಷೆಯಾಯಿತು. ಭಾವ ಆಗಾಗ ಗುಂಡ್ಲುಪೇಟೆಯಿಂದ ನೇರ ಆಸ್ಪತ್ರೆಗೇ ಬಂದು ಪಕ್ಕದಲ್ಲಿ ಕೂರುತ್ತಿದ್ದ. ನನ್ನ ಸರದಿ ಹತ್ತಿರವಾದಾಗ ಬಾಟಲಿಯಿಂದ ಬಾಟಲಿಗೆ ನೀರು ಸುರಿದು ಸದ್ದು ಮಾಡುತ್ತಿದ್ದ. ಅವನ ಮೇಲೆ ನನಗೆ ಹಿಂದೆಂದೂ ಅಷ್ಟು ಸಿಟ್ಟು ಬಂದದ್ದೂ ಇಲ್ಲ, ಅಷ್ಟು ಪ್ರೀತಿ ಬಂದದ್ದೂ ಇಲ್ಲ.

ಇಂಜೆಕ್ಷನ್ನಿನ ಕಥೆ ಬೇರೆ. ಎರಡನೆಯ ತಿಂಗಳಿಂದ ಇದ್ದಕ್ಕಿದ್ದಂತೆ ಮೈಯೆಲ್ಲ ಬಿಸಿ ಏರಿ, ಬೆವರು ಕಿತ್ತುಕೊಂಡು ಬರುತ್ತಿತ್ತು. ಕಾರಣವಿಲ್ಲದೆ ಕಣ್ಣು ತುಂಬುತ್ತಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಹಾಗಾಯಿತು. ಬನಿಯನ್ ಕಿತ್ತೆಸೆದು ಫ್ಯಾನಿನ ಕೆಳಗೆ ನಿಂತೆ. ಹೆಂಡತಿ ಸೊಂಟಕ್ಕೆ ಕೈಯಿಟ್ಟು ನೋಡಿದಳು.

"ನಂಗ ಮುಟ್ಟು ನಿಲ್ಲಾಗ ಎಲ್ಡು ವರ್ಸ ಹಿಂಗೇ ಆಯ್ತು. ಆಗ ನೀವೇನಂದ್ರಿ?"

ನನಗೆ ನೆನಪಿರಲಿಲ್ಲ.

"ಚಳಿಗಾಲ್ದಲ್ಲಿ ಯಾರಾರ ಫ್ಯಾನ್ ಹಾಕ್ತಾರಾ, ಎಲ್ಲ ನಿನ್ನ ಮನಸಿನ ಭ್ರಾಂತು, ಅಂದ್ರಿ."

ತಪ್ಪಾಯಿತು ಎಂದೆ. ಅವಳು ಒದ್ದೆ ಟವೆಲ್ ಹಿಂಡಿ ತಂದು ನನ್ನ ಕತ್ತಿನ ಮೇಲೆ ಹಾಕಿ, "ತಣ್ಣೀರು ಕುಡೀರಿ, ಇನ್ನೊಂದ್ ಗಳಿಗೆಗ ಇಳಿದದ. ನಂಗ ಗೊತ್ತು" ಎಂದಳು.

ಚಿಕಿತ್ಸೆ ಮುಗಿಯಿತು. ಇಂಜೆಕ್ಷನ್ನೂ ನಿಂತಿತು. ರಕ್ತಪರೀಕ್ಷೆಯ ಅಂಕಿ ಕೆಳಗಿಳಿದಿದೆ. ಕೆಲವು ತಿಂಗಳಿಗೊಮ್ಮೆ ಪರೀಕ್ಷೆಗೆ ನಾನೂ ಭಾವನೂ ಒಂದೇ ದಿನ ಹೋಗುತ್ತೇವೆ. ಅದಕ್ಕೆ ಮುಂಚಿನ ವಾರ ಇಬ್ಬರಿಗೂ ಊಟ ಸೇರುವುದಿಲ್ಲ. ಫೋನಿನಲ್ಲಿ ಮಳೆ, ಹೂವಿನ ಮಾತಾಡುತ್ತೇವೆಯೇ ಹೊರತು ಅದರ ಮಾತಿಲ್ಲ. ವರದಿ ಬಂದ ಮೇಲೆ, "ನಿಮ್ಮದೆಷ್ಟು?" "ನಿಮಗಿಂತ ಕಮ್ಮಿ!" ಎಂದು ಜಗಳವಾಡುತ್ತಾ ದೋಸೆ ತಿನ್ನುತ್ತೇವೆ.

ಈಗ ನನಗೊಂದು ಚಾಳಿ ಹತ್ತಿಕೊಂಡಿದೆ. ವಯಸ್ಸಾದ ಗಿರಾಕಿ ಬಂದರೆ ಅಳತೆಯ ಜೊತೆ ಬೇರೆಯದನ್ನೂ ಕೇಳುತ್ತೇನೆ. ಮೊನ್ನೆ ಪುಣಜನೂರಿನ ಒಬ್ಬರು ಪ್ಯಾಂಟಿನ ಅಳತೆ ಕೊಡುವ ಹೊತ್ತಿಗೆ ಎರಡು ಸಲ ಹೊರಗೆ ಹೋಗಿ ಬಂದರು. ನಾನು ಟೇಪು ಕೊರಳಿಗೆ ಹಾಕಿಕೊಂಡು, ದಿನಕ್ಕೆ ಎಷ್ಟು ಸಲ, ತಡವಾಗುತ್ತದೆಯೇ ಎಂದೆಲ್ಲ ವಿಚಾರಿಸಿ, ಒಂದು ರಕ್ತಪರೀಕ್ಷೆ ಮಾಡಿಸಿ ಎಂದೆ. ನನಗೆ ಆದದ್ದನ್ನೂ ಹೇಳಿದೆ. ಅವರು ಮುಖ ಕಪ್ಪಗೆ ಮಾಡಿಕೊಂಡು ಹೋದರು.

ಹದಿನೈದು ದಿನ ಬಿಟ್ಟು ಪ್ಯಾಂಟು ತೆಗೆದುಕೊಳ್ಳಲು ಬಂದವರೇ ಕೂಗಾಡಿದರು. "ಏನಯ್ಯ, ಪ್ಯಾಂಟು ಹೊಲಿ ಅಂದ್ರ ಎದೆ ಒಡ್ದು ಕಳಿಸ್ತೀಯಲ್ಲ! ಮೂರು ದಿನ ಕಣ್ಣು ಮುಚ್ನಿಲ್ಲ ನಾನು. ಪರೀಕ್ಸೆ ಮಾಡ್ಸ್ದಿ. ಕ್ಯಾನ್ಸರೂ ಇಲ್ಲ ಏನೂ ಇಲ್ಲ, ವಯಸ್ಸಿಗ ಗ್ರಂಥಿ ಊದ್ಕಂಡದ ಅಂತ ಮಾತ್ರೆ ಕೊಟ್ಟವ್ರ."

ನಾನು ಬೈಗುಳವನ್ನೆಲ್ಲ ನಿಂತು ಕೇಳಿಸಿಕೊಂಡೆ. ಆಮೇಲೆ ಇಬ್ಬರಿಗೂ ಟೀ ಹೇಳಿದೆ. ಕುಡಿದು ಎದ್ದವರು ಬಾಗಿಲ ಹತ್ತಿರ ನಿಂತು ತಿರುಗಿ, ತಮ್ಮ ಅಣ್ಣನಿಗೂ ಇಂಥದೇ ತೊಂದರೆ ಇದೆ, ನಾಳೆ ಕರೆದುಕೊಂಡು ಬರಲೇ ಎಂದು ಮೆಲ್ಲಗೆ ಕೇಳಿದರು.