ಹೊನ್ನಪ್ಪನವರ ಒಂದು ಹಿಡಿ ಶುಂಠಿ

ಅರಕೆರೆಯ ಹೊನ್ನಪ್ಪನವರ ಆಲೆಮನೆಯಲ್ಲಿ ಬೆಲ್ಲದ ಪಾಕ ಹದಕ್ಕೆ ಬಂತೆಂದು ಹೇಳುವ ಹಕ್ಕು ಅವರೊಬ್ಬರದೇ. ನೀಲಿ ಪ್ಲಾಸ್ಟಿಕ್ ಕುರ್ಚಿಯಿಂದೆದ್ದು, ಪಾಕದ ತೊಟ್ಟನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ, ಗಂಟಲು ಸರಿಮಾಡಿಕೊಂಡು "ಊಂ" ಎಂದ ಮೇಲೆಯೇ ಕೊಪ್ಪರಿಗೆ ಇಳಿಯಬೇಕು. ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಇನ್ನೊಬ್ಬರನ್ನು ಒಂದು ಮಾತು ಕೇಳಿದರೆ ಯಜಮಾನಿಕೆಯೇ ಕರಗಿಹೋದೀತೆಂದು ಹೊನ್ನಪ್ಪನವರಿಗೆ ಒಳಗೊಳಗೇ ಅಳುಕು. ಅಳುಕು ಹೆಚ್ಚಿದಷ್ಟೂ ದನಿ ದೊಡ್ಡದು.

ಸೊಸೆ ಪ್ರಮೀಳಾಗೆ ಹೊಸದೊಂದು ಹೊಳೆಯಿತು: ಒಣಶುಂಠಿ ಬೆರೆಸಿದ, ಒಂದು ಲೋಟ ಟೀಗೆ ಸರಿಯಾಗುವ ಪುಟ್ಟ ಅಚ್ಚಿನ ಬೆಲ್ಲ.

"ನಮ್ಮಪ್ಪನ ಕಾಲದ ಅಚ್ಚಿಗೇನ್ ರೋಗ ಬಂದದೆ?" ಎಂದು ಮಾವ ಗದರಿದರು.

ಆದರೆ ಬೆಳ್ಳೂರು ಕ್ರಾಸಿನ ಹೋಟೆಲಿನ ಶಾಮಣ್ಣ ಸುದ್ದಿ ಕೇಳಿ, ರುಚಿ ನೋಡಲು ತಾವೇ ಬರುವುದಾಗಿ ಹೇಳಿಬಿಟ್ಟರು. ಹಿಡಿಸಿದರೆ ವರ್ಷವಿಡೀ ಇಲ್ಲಿಯ ಬೆಲ್ಲ, ಇಲ್ಲದಿದ್ದರೆ ಬೇರೆ ಆಲೆಮನೆ. ಮಾವ ಒಪ್ಪಲೇಬೇಕಾಯಿತು.

ಶಾಮಣ್ಣ ಬರುವ ದಿನ ಪ್ರಮೀಳಾ ಪಾಕಕ್ಕೆ ಶುಂಠಿಪುಡಿ ಹಾಕಿ ಅಚ್ಚು ತೊಳೆಯಲು ಹೋದಳು. ಹೊನ್ನಪ್ಪನವರು ಎದ್ದು ಬಂದು, ಶುಂಠಿ ಬಿತ್ತೋ ಇಲ್ಲವೋ ಎಂದು ಯಾರನ್ನೂ ಕೇಳದೆ, ತಾವೇ ಒಂದು ಹಿಡಿ ಸುರಿದರು. ಪಾಕ ತಿರುವುತ್ತಿದ್ದ ಆಳು ಚಿಕ್ಕಸ್ವಾಮಿ ಬಾಯಿ ತೆರೆದ. ಪದ್ಧತಿ ನೆನಪಾಗಿ ಮುಚ್ಚಿದ.

ಆ ಬೆಲ್ಲದ ಟೀ ಕುಡಿದ ಶಾಮಣ್ಣನವರ ಕಣ್ಣು ಕೆಂಪಾಯಿತು, ಮೂಗು ಸೋರಿತು.

"ಇದು ಬೆಲ್ಲವೋ ಪಟಾಕಿಯೋ, ಹೊನ್ನಪ್ಪನವರೇ?"

"ಯಾವನ್ಲಾ ಇಷ್ಟು ಸುರ್ದೋನು?" ಎಂದು ಹೊನ್ನಪ್ಪನವರು ಒಲೆಯತ್ತ ತಿರುಗಿ ಗುಡುಗಿದರು.

"ಅಕ್ಕೋರು ಆಕಿದ್ರು. ಅದ್ರ ಮ್ಯಾಲೆ ತಾವೂ..." ಎಂದ ಚಿಕ್ಕಸ್ವಾಮಿ.

"ಆಗ್ಲೇ ಯಾಕ್ಲಾ ಬೊಗಳ್ನಿಲ್ಲ?"

"ಬೊಗುಳುದ್ರೆ ಬುಡ್ತಿದ್ರಾ, ಯಜಮಾನ್ರೆ?"

ಹೊನ್ನಪ್ಪನವರು ಶಾಮಣ್ಣನವರ ಮೂಗು ನೋಡಿದರು. ಅದಿನ್ನೂ ಸೋರುತ್ತಿತ್ತು. ಎಲ್ಲಿತ್ತೋ ನಗು, ಹೊಟ್ಟೆ ಹಿಡಿದುಕೊಂಡು ಕುರ್ಚಿಗೆ ಕುಸಿದರು.

"ಬುಡ್ತಿರ್ನಿಲ್ಲ ಕಣ್ಲಾ! ತಪ್ಪು ನಂದೇಯ. ಪ್ರಮೀಳವ್ವಾ, ಇನ್ನೊಂದ್ ಕೊಪ್ಪರಿಗೆ ಇಕ್ಸು. ಈ ಸಲ ಅಳತೆ ನಿಂದು."

ಆಶ್ಚರ್ಯವೆಂದರೆ, ಇಷ್ಟಾದರೂ ಯಜಮಾನಿಕೆ ಕರಗಲಿಲ್ಲ. ಕುರ್ಚಿಯೂ ಅಲ್ಲೇ ಇತ್ತು.

ಶಾಮಣ್ಣ ಊಟ ಅಲ್ಲೇ ಮುಗಿಸಿ ಕಾದರು. ಪ್ರಮೀಳಾ ಶುಂಠಿ ಇಳಿಸಿದಳು, ಚಿಕ್ಕಸ್ವಾಮಿ ಧೈರ್ಯ ಮಾಡಿ ಏಲಕ್ಕಿ ಸೇರಿಸಲು ಹೇಳಿದ. ಈ ಸಲ ಶಾಮಣ್ಣ ಎರಡು ಲೋಟ ಕುಡಿದು ವರ್ಷದ ಮಾತು ಕೊಟ್ಟರು. ಹೊರಡುವಾಗ ಪಟಾಕಿ ಬೆಲ್ಲವನ್ನೂ ಬಿಡಲಿಲ್ಲ: "ನೆಗಡಿಯವರಿಗೆ ಇದೇ ಸರಿ."

ಈಗ ಹೊನ್ನಪ್ಪನವರಿಗೆ ಕೇಳುವ ಚಟ ಹತ್ತಿದೆ. ಮೊನ್ನೆ ಪಾಕ ಹದಕ್ಕೆ ಬಂದಿತ್ತು. "ಆಯ್ತೇನ್ಲಾ ಚಿಕ್ಕಸ್ವಾಮಿ? ನೀನೇನಂತೀಯವ್ವಾ?" ಎಂದು ಸುತ್ತ ಕೇಳುತ್ತಲೇ ಇದ್ದರು. ಪಾಕ ಗಟ್ಟಿಯಾಗತೊಡಗಿತು.

"ಅಯ್ಯೋ ಮಾವ, ಸಾಕು! ಊಂ ಅನ್ನಿ!" ಎಂದು ಪ್ರಮೀಳಾ ಕೂಗಿದಳು.

ಹೊನ್ನಪ್ಪನವರು ಖುಷಿಯಿಂದ ಗಂಟಲು ಸರಿಮಾಡಿಕೊಂಡರು.

"ಊಂ."