ಗೆಳೆಯನಿಗೆ ನಾನು ತೋರಿಸಿದ ಟಿಯರ್ ಲಿಸ್ಟ್

ಫೈಟಿಂಗ್ ಗೇಮ್ ಕಲಿಯಲು ಹೊರಟವರು ಯಾರಾದರೂ ‘ಟಿಯರ್ ಲಿಸ್ಟ್ ನೋಡಬೇಕಾ?’ ಎಂದು ಕೇಳಿದರೆ ನನಗೆ ಈಗಲೂ ರೇಗುತ್ತದೆ. ಆಟದೊಳಗಿನ ಯಾವ ಫೈಟರ್ ಬಲಶಾಲಿ, ಯಾವನು ದಂಡಪಿಂಡ ಎಂದು ಮೇಲಿನಿಂದ ಕೆಳಕ್ಕೆ ಸಾಲಾಗಿ ಜೋಡಿಸಿಟ್ಟ ಪಟ್ಟಿ ಅದು. ಬೇಡ ಕಣ್ರಪ್ಪ, ನೋಡಬೇಡಿ ಎನ್ನುತ್ತೇನೆ. ಕೇಳುವವರು ಯಾರು?

ನಮ್ಮೂರು ಹೊಂಗನೂರಿನಲ್ಲಿ ನನ್ನ ಜೊತೆ ಆ ಆಟ ಆಡುತ್ತಿದ್ದವನು ಒಬ್ಬನೇ, ಪಕ್ಕದ ಮನೆಯ ಗೆಳೆಯ. ಅವರ ಟಿವಿಗೆ ಹಳೆಯದೊಂದು ಗೇಮ್ ಕನ್ಸೋಲ್ ಸಿಕ್ಕಿಸಿ ಮಧ್ಯಾಹ್ನವೆಲ್ಲ ಕೂರುತ್ತಿದ್ದೆವು. ಅವನು ಯಾವಾಗಲೂ ಒಬ್ಬ ದಡೂತಿ ಪೈಲ್ವಾನನನ್ನೇ ಆರಿಸುತ್ತಿದ್ದ. ಪೈಲ್ವಾನ ಓಡಲಾರ, ನೆಗೆಯಲಾರ. ಕೈಗೆ ಸಿಕ್ಕವರನ್ನು ಎತ್ತಿ ಕುಕ್ಕುತ್ತಾನೆ, ಅಷ್ಟೇ. ಆದರೂ ದಿನಕ್ಕೆ ಹತ್ತು ಆಟ ಆಡಿದರೆ ಏಳರಲ್ಲಿ ನಾನೇ ಮಣ್ಣು ಮುಕ್ಕುತ್ತಿದ್ದೆ.

ರಾಮನಗರದಲ್ಲಿ ಟೂರ್ನಮೆಂಟ್ ಇದೆ ಎಂದು ತಿಳಿದು ಇಬ್ಬರೂ ಹೆಸರು ಕೊಟ್ಟೆವು. ಅವನಿಗಂತೂ ಅದೇ ಧ್ಯಾನ. ಮೂರು ವಾರ ಮುಂಚೆ ನಾನು ಫೋನಿನಲ್ಲಿ ಆ ಪಟ್ಟಿ ನೋಡಿದೆ. ಪೈಲ್ವಾನ ಕಟ್ಟಕಡೆಯಲ್ಲಿದ್ದ. ನಮ್ಮದು ರೇಷ್ಮೆಹುಳು ಸಾಕುವ ಮನೆ. ಮಾರ್ಕೆಟ್ಟಿಗೆ ಹೊರಡುವ ಮೊದಲು ಗೂಡಿನ ರಾಶಿಯ ಮುಂದೆ ಕೂತು ಕಲೆಯಾದ ಗೂಡು, ತೆಳು ಗೂಡು ಆರಿಸಿ ಎಸೆಯುವುದು ಚಿಕ್ಕಂದಿನಿಂದ ನನ್ನ ಕೆಲಸ. ಎಸೆದದ್ದನ್ನು ಇನ್ನೊಂದು ಸಲ ತಿರುಗಿ ನೋಡಿದವನಲ್ಲ. ಪಟ್ಟಿಯನ್ನೂ ಹಾಗೇ ಓದಿದೆ.

ಮಾರನೆಯ ದಿನ ನಮ್ಮಂತೆಯೇ ಹುಳು ಸಾಕುತ್ತಿದ್ದ ಅವರ ಮನೆಯಲ್ಲಿ, ಹುಳು ಗೂಡು ಕಟ್ಟುವ ಬಿದಿರ ತಟ್ಟಿ ಚಂದ್ರಂಕಿಯಿಂದ ಗೂಡು ಬಿಡಿಸುತ್ತಾ ಕೂತಾಗ ಫೋನನ್ನು ಅವನ ಮುಖಕ್ಕೆ ಹಿಡಿದೆ.

“ನೋಡ್ಲಾ, ನಿನ್ ದಡಿಯ ಎಲ್ಲವ್ನೆ! ಇವ್ನನ್ನ ಕಟ್ಕೊಂಡು ರಾಮನಗರಕ್ಕೆ ಹೋದ್ರೆ ಮಾನ ಹೋಯ್ತದೆ. ಮೇಲ್ಗಡೆ ಇರೋ ಕತ್ತಿಯೋನ್ನ ಹಿಡ್ಕೊ.”

“ನಂಗೆ ಇವ್ನೇ ಸರಿಯಾಗವ್ನೆ ಕಣ್ಲಾ.”

“ದೊಡ್ಡ ದೊಡ್ಡ ಆಟಗಾರ್ರು ಮಾಡಿರೋ ಲಿಸ್ಟು. ಅವ್ರಿಗಿಂತ ನೀನ್ ಹೆಚ್ಚಾ?”

ಅಂದು ಸಂಜೆಯಿಂದಲೇ ಅವನು ಕತ್ತಿಯವನನ್ನು ಹಿಡಿದ.

ಪಟ್ಟಿ ಮಾಡಿದವರು ವರ್ಷಗಟ್ಟಲೆ ಆಡಿ ಬೆರಳು ಪಳಗಿದವರು. ಅವರ ಮಟ್ಟದಲ್ಲಿ ಪೈಲ್ವಾನನನ್ನು ಯಾರೂ ಹತ್ತಿರಕ್ಕೆ ಬಿಟ್ಟುಕೊಳ್ಳುವುದಿಲ್ಲ. ನಮ್ಮಂಥ ಹೊಸಬರಿಗೆ ಹತ್ತಿರ ಬಂದವನನ್ನು ತಡೆಯುವುದೇ ಬರುತ್ತಿರಲಿಲ್ಲ, ಹಾಗಾಗಿ ನಮ್ಮ ನಡುವೆ ಪೈಲ್ವಾನನೇ ಬಲಶಾಲಿ. ಇದು ನನಗೆ ಆಗ ಹೊಳೆದಿರಲಿಲ್ಲ ಎಂದರೆ ಅರ್ಧ ಸುಳ್ಳು. ಆ ಮೂರು ವಾರ ದಿನವೂ ನಾನೇ ಗೆಲ್ಲುತ್ತಿದ್ದೆ, ಅದು ನನಗೆ ಹಿತವಾಗಿತ್ತು. ಥೂ, ನನ್ನ ಜನ್ಮಕ್ಕಿಷ್ಟು!

ರಾಮನಗರದಲ್ಲಿ ಮೊದಲ ಸುತ್ತಿನಲ್ಲೇ ಅವನು ಸೋತ. ಕತ್ತಿಯವನಿಗೆ ಇನ್ನೂ ಹೊಂದಿಕೊಳ್ಳದ ಅವನ ಬೆರಳು ತಡವರಿಸುತ್ತಿದ್ದದ್ದು ಹಿಂದೆ ನಿಂತ ನನಗೆ ಕಾಣುತ್ತಿತ್ತು. ವಾಪಸು ಬರುವಾಗ ಬಸ್ಸು ಚನ್ನಪಟ್ಟಣ ಮುಟ್ಟುವವರೆಗೂ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೂತಿದ್ದ.

ಆಮೇಲೆ ಆಡಲು ಕರೆದರೆ ಏನಾದರೊಂದು ಕೆಲಸ ಹೇಳಿ ತಪ್ಪಿಸಿಕೊಳ್ಳುತ್ತಿದ್ದ. ಎರಡು ತಿಂಗಳು ಹೀಗೇ ಆಯಿತು. ಒಂದು ದಿನ ನಾನೇ ಅವರ ಮನೆಗೆ ಹೋಗಿ ಟಿವಿ ಹಾಕಿದೆ. ಪೈಲ್ವಾನನನ್ನು ಆರಿಸಿ ಕಂಟ್ರೋಲರ್ ಅವನ ಕೈಗೆ ಕೊಟ್ಟೆ.

“ತಪ್ಪಾಯ್ತು ಕಣ್ಲಾ. ನಿನ್ ದಡಿಯನ್ನೇ ಆಡು. ಒಂದ್ ಆಟ ಆಡ್ಬುಡು, ಸಾಕು.”

ಆಡಿದ. ನಾನು ಹಲ್ಲು ಕಚ್ಚಿ, ಗೆಲ್ಲಲೆಂದೇ ಆಡಿದೆ. ಅವನು ಎರಡು ಸಲ ನನ್ನನ್ನು ಎತ್ತಿ ಕುಕ್ಕಿ ಗೆದ್ದ. ಖುಷಿಗೆ ನನಗೆ ಕಣ್ಣಲ್ಲಿ ನೀರು ಬಂತು.

“ಗೆದ್ಯಲ್ಲೋ!” ಎಂದೆ.

ಅವನು ಕಂಟ್ರೋಲರ್ ಕೆಳಗಿಟ್ಟ. “ನೀನ್ ಬೇಕಂತ ಸೋತೆ. ಇವ್ನ ಕೈಲಿ ಗೆಲ್ಲಕಾಗಲ್ಲ ಅಂತ ನೀನೇ ತೋರ್ಸಿದ್ಯಲ್ಲ.”

ದೇವರಾಣೆ, ನಾನು ಬೇಕಂತ ಸೋತಿರಲಿಲ್ಲ. ಎಷ್ಟು ಆಣೆ ಇಟ್ಟರೂ ಅವನು ನಂಬಲಿಲ್ಲ.