ಸಂಘದ ಹೆಸರಿನಲ್ಲಿ ಹೊದಿಸಿದ ಶಾಲು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ. ಈ ನಾಲ್ಕು ಊರಿನ ವಾರದ ಸಂತೆಗಳಲ್ಲಿ ನೆಲಕ್ಕೆ ತಾಡಪತ್ರಿ ಹಾಸಿ ಸ್ಟೀಲ್ ಪಾತ್ರೆ ಮಾರುವುದು ನನ್ನ ಕೆಲಸ. ನಮ್ಮ ಅಮ್ಮಿಯೂ ಇದನ್ನೇ ಮಾಡಿದವಳು. ನಮ್ಮಂಥವರಿಗೆಲ್ಲ ಸೇರಿ ಒಂದು ಸಂಘವಿದೆ, ಸಂತೆ ವ್ಯಾಪಾರಿಗಳ ಸಂಘ. ನೋಂದಣಿ ಆಗಿದೆ, ರಬ್ಬರ್ ಸ್ಟ್ಯಾಂಪ್ ಇದೆ, ಬಟ್ಟೆಯ ದೊಡ್ಡ ಬ್ಯಾನರ್ ಇದೆ. ಕಾರ್ಯದರ್ಶಿ ನಾನು. ಹತ್ತನೇ ತರಗತಿ ಓದಿದವಳು ಎಂಬ ಒಂದೇ ಕಾರಣಕ್ಕೆ ಬರೆಯುವ ಕೆಲಸವನ್ನೆಲ್ಲ ನನ್ನ ತಲೆಗೆ ಕಟ್ಟಿದ್ದಾರೆ.

ಅಧ್ಯಕ್ಷರು ಹಗ್ಗ, ಬಾರುಕೋಲು, ಎತ್ತಿನ ಗೆಜ್ಜೆ ಮಾರುವ ಹಿರಿಯರು. ಎಲ್ಲರಿಗೂ ಅವರು ಕಾಕಾ. ನಾಲ್ಕೂ ಸಂತೆಯಲ್ಲಿ ಅವರ ಅಂಗಡಿ ನನ್ನ ಮಗ್ಗುಲಲ್ಲೇ. ಒಳ್ಳೆಯ ಮನುಷ್ಯ. ಇದನ್ನು ಈಗಲೇ ಬರೆದುಬಿಡುತ್ತೇನೆ, ಮುಂದೆ ಬರೆಯಲು ಮನಸ್ಸು ಬರಲಿಕ್ಕಿಲ್ಲ.

ಸಂಘ ಹುಟ್ಟಿದಾಗ ವಕೀಲರೊಬ್ಬರು ನಮ್ಮನ್ನು ಕೂರಿಸಿಕೊಂಡು ನಿಯಮ ಬರೆಸಿದರು. "ಯಾವ ಪಕ್ಷದವರ ಬಾಗಲಿಗಾದ್ರೂ ಹೋಗ್ರಿ, ಕೇಳ್ರಿ, ಜಗಳಾ ಮಾಡ್ರಿ. ಆದ್ರ ಸಂಘದ ಹೆಸರಿಲೆ ಯಾರ ಪರವಾಗೂ ಓಟು ಕೇಳಬ್ಯಾಡ್ರಿ," ಎಂದರು. ಮನವಿ ಕೊಡುವುದಾದರೆ ಎಲ್ಲ ಪಕ್ಷದವರಿಗೂ ಒಂದೇ ಕಾಗದ, ಒಂದೇ ಮಾತು. ಚುನಾವಣೆಯ ಕಾಲದಲ್ಲಿ ಸಂಘದ ಬ್ಯಾನರು, ಸಂಘದ ಸನ್ಮಾನ ಯಾವ ಅಭ್ಯರ್ಥಿಗೂ ಇಲ್ಲ. ಸದಸ್ಯರು ತಮ್ಮ ಪಾಡಿಗೆ ತಾವು ಯಾರಿಗಾದರೂ ದುಡಿಯಲಿ, ಸಂಘದ ಹೆಸರನ್ನು ಮನೆಯಲ್ಲಿಟ್ಟು ಹೋಗಲಿ. ಪದಾಧಿಕಾರಿ ಇದನ್ನು ಮುರಿದರೆ ತಪ್ಪಾಯಿತೆಂದು ಬರೆದುಕೊಟ್ಟು ಕುರ್ಚಿ ಬಿಡಬೇಕು. ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮವರ ಚಪ್ಪಾಳೆ ಬಲು ಅಗ್ಗ.

ನಮ್ಮ ಮನವಿಯಲ್ಲಿದ್ದದ್ದು ಒಂದೇ ಬೇಡಿಕೆ. ನಾಲ್ಕರಲ್ಲಿ ಒಂದು ಊರಿನ ಸಂತೆ ಮೈದಾನದಲ್ಲಿ ಹೆಂಗಸರಿಗೊಂದು ಶೌಚಾಲಯ. ಯಾವ ಊರೆಂದು ಬರೆಯುವುದಿಲ್ಲ. ಮೊದಲು ಮೈದಾನದ ಹಿಂದೆ ಜಾಲಿಕಂಟಿ ಇತ್ತು, ಹೇಗೋ ಮರೆಯಾಗುತ್ತಿತ್ತು. ಈಗ ಅಲ್ಲಿ ಪ್ಲಾಟು ಬಿದ್ದು ಮನೆಗಳೆದ್ದಿವೆ. ಹಾಗಾಗಿ ಆ ಊರಿನ ಸಂತೆಗೆ ಬರುವ ಹೆಂಗಸರು ಬೆಳಗಿನಿಂದ ಒಂದು ಗುಟುಕು ನೀರು ಕುಡಿಯುವುದಿಲ್ಲ. ಬೇಸಿಗೆಯಲ್ಲೂ ಇಲ್ಲ. ಯಂಕಂಚಿಯಿಂದ ಪುಂಡಿಪಲ್ಲೆ, ಮೆಂತೆ, ರಾಜಗಿರಿ ಸೊಪ್ಪು ತರುವ ಅಕ್ಕ ಒಬ್ಬಳಿದ್ದಾಳೆ. ಪಲ್ಲೆಗೆ ನೀರು ಚಿಮುಕಿಸಿ ಚಿಮುಕಿಸಿ ಹಸಿರಾಗಿಡುತ್ತಾಳೆ, ತಾನು ಮಾತ್ರ ಒಣಗುತ್ತಾಳೆ. ಅವಳಿಗೆ ಉರಿಮೂತ್ರ ಶುರುವಾಗಿ, ಆಮೇಲೆ ಜ್ವರ, ಆಮೇಲೆ ಪಕ್ಕೆನೋವು. ನಾನು ಆ ಮನವಿಯನ್ನು ಬರೆದದ್ದೇ ಅವಳ ಸಲುವಾಗಿ.

ನಿಯಮದ ಪ್ರಕಾರವೇ ಹೋದೆವು. ಎಲ್ಲ ಪಕ್ಷದವರಿಗೂ ಅದೇ ಕಾಗದ ಕೊಟ್ಟೆವು, ಯಾರೂ ಬೇಡವೆನ್ನಲಿಲ್ಲ. ಮಂಜೂರಾಯಿತು. ಪುರಸಭೆಯವರು ಬಂದು ಮೈದಾನದ ಮೂಲೆಯಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆದರು. ಅಷ್ಟರಲ್ಲಿ ಪುರಸಭೆ ಚುನಾವಣೆ ಬಂತು. ಮುಗಿದ ಮೇಲೆ ಕೆಲಸ ಶುರು ಎಂದರು. ಸರಿ ಎಂದೆವು.

ಪ್ರಚಾರದ ದಿನಗಳಲ್ಲೇ ಒಂದು ಸಂತೆಯ ದಿನ ಅಕ್ಕನಿಗೆ ಕೂತಲ್ಲಿಂದ ಏಳಲಾಗಲಿಲ್ಲ. ನಾನು ಅಂಗಡಿ ಕಟ್ಟಿಟ್ಟು ಅವಳನ್ನು ವಿಜಯಪುರದ ದವಾಖಾನೆಗೆ ಕರೆದುಕೊಂಡು ಹೋದೆ. "ನಂಜು ಕಿಡ್ನಿಗೆ ಏರೈತಿ. ಹಿಂಗ ನೀರು ಕುಡೀದ ಇದ್ರ ಹೆಂಗಬೇ?" ಎಂದು ಡಾಕ್ಟರಮ್ಮ ಬೈದರು. ಅಕ್ಕ ಗೋಡೆ ಕಡೆ ಮುಖ ಮಾಡಿದಳು. ಸಲಾಯಿನ್ ಹಚ್ಚಿದ್ದರು. ಅವಳ ಮಂಚದ ಪಕ್ಕ ಕೂತಿದ್ದಾಗಲೇ ನನ್ನ ಮೊಬೈಲಿಗೆ ಆ ಫೋಟೋ ಬಂತು. ಸಂತೆ ಮೈದಾನ, ಹಿಂದೆ ನಮ್ಮ ಸಂಘದ ಬ್ಯಾನರು, ಮುಂದೆ ಒಬ್ಬ ಅಭ್ಯರ್ಥಿ, ಅವನ ಹೆಗಲಿಗೆ ಶಾಲು ಹೊದಿಸುತ್ತಿರುವ ನಮ್ಮ ಕಾಕಾ. ಕೆಳಗೆ ಬರೆದಿತ್ತು, ಸಂತೆ ವ್ಯಾಪಾರಿಗಳ ಸಂಘದ ಸಂಪೂರ್ಣ ಬೆಂಬಲ.

ವರಾಂಡಕ್ಕೆ ಬಂದು ಫೋನು ಮಾಡಿದೆ.

"ಪ್ರಚಾರಕ್ಕ ಬಂದಿದ್ರವಾ," ಎಂದರು ಕಾಕಾ. "ನಮ್ಮ ಅಂಗಡಿ ಮುಂದ ಬಂದು ನಿಂತವರನ್ನ ಬರಿಗೈಲೆ ಹೆಂಗ ಕಳಸೂದು? ಶಾಲು ಇತ್ತು, ಹಾಕಿದೆ."

"ಬ್ಯಾನರ್ ಯಾರು ಕಟ್ಟಿದ್ರಿ?"

"ಚಂದ ಕಾಣಸ್ತೈತಿ ಅಂತ ಹುಡುಗೂರು ಕಟ್ಟಿದ್ರು. ಒಂದು ಶಾಲಿನ್ಯಾಗ ಏನೈತಿ ತಂಗಿ?"

ನಮ್ಮ ಕಡೆ ಶಾಲು ಹೊದಿಸುವುದು ಒಂದು ರೋಗ. ಬ್ಯಾಂಕಿಗೆ ಹೊಸ ಮ್ಯಾನೇಜರ್ ಬಂದರೆ ಶಾಲು, ಹಳಬರು ಹೋದರೆ ಶಾಲು, ದಾರಿ ತಪ್ಪಿ ಬಂದವನು ಎರಡು ನಿಮಿಷ ನಿಂತರೆ ಅವನಿಗೂ ಶಾಲು. ಬಂದವರ ಹೆಗಲು ಖಾಲಿ ಕಂಡರೆ ನಮ್ಮ ಗಂಡಸರಿಗೆ ಕೈ ತುರಿಸುತ್ತದೆ. ಕಾಕಾ ದುಡ್ಡು ಮುಟ್ಟಿದವರಲ್ಲ, ಆ ಪಕ್ಷದವರೂ ಅಲ್ಲ. ಮರ್ಯಾದೆಯ ಚಟಕ್ಕೆ ಇಡೀ ಸಂಘವನ್ನು ಒಯ್ದು ಒಬ್ಬನ ಹೆಗಲ ಮೇಲೆ ಹಾಕಿ ಬಂದಿದ್ದರು.

ಶಾಲು ಹೊದ್ದವನು ಸೋತ. ಗೆದ್ದವರ ಮನೆಗೆ ನಾವು ಹೆಂಗಸರೇ ಹೋದೆವು. ಮೊದಲು ಅದೇ ಮನವಿ ತೆಗೆದುಕೊಂಡು ಆಗಲಿ ಎಂದಿದ್ದ ಮನುಷ್ಯ ಈಗ ಮೊಬೈಲ್ ತೆಗೆದು ಫೋಟೋ ತೋರಿಸಿದ.

"ಇದು ನಿಮ್ಮದ ಬ್ಯಾನರ್ ಅಲ್ರಿ? ಅವರನ್ನ ಕೇಳ್ರಿ, ಕಟ್ಟಿಸಿಕೊಡ್ತಾರ."

ಮುಂದಿನ ಸಂತೆಗೆ ಹೋದರೆ ಸುಣ್ಣದ ಗೆರೆಯ ಮೇಲೆ ಅವನ ಕಡೆಯವರ ಕಬ್ಬಿನಹಾಲಿನ ಗಾಡಿ ನಿಂತಿತ್ತು. ಹೆಂಗಸರ ಉಚ್ಚೆಯಲ್ಲೂ ಪಕ್ಷ ಹುಡುಕುವ ಅವನನ್ನು ಎಷ್ಟು ಬೈದರೂ ಕಡಿಮೆಯೇ. ಆದರೆ ಅವನ ಕೈಗೆ ಆ ನೆಪ ಕೊಟ್ಟವರು ನಾವು.

ಸಭೆ ಕರೆದೆ. ನಿಯಮ ಓದಿದೆ. ಶಾಲು ಸಂಘದ್ದಲ್ಲ ಎಂದು ಎರಡೂ ಕಡೆಗೆ ಬರೆದುಕೊಡಬೇಕು, ಕಾಕಾ ಕುರ್ಚಿ ಬಿಡಬೇಕು ಎಂದೆ. ಗಂಡಸರು ನನ್ನನ್ನು ಹುಚ್ಚಿ ಎಂಬಂತೆ ನೋಡಿದರು. ಹಿರಿಯರಿಗೆ ಹೀಗೆ ಅನ್ನಬಹುದೇ? ಬಹಳ ಹೊತ್ತು ಗುಸುಗುಸು ಮಾಡಿ ಅವರೇ ಒಂದು ದಾರಿ ಹುಡುಕಿದರು. ಗೆದ್ದವರನ್ನು ಸಂತೆಗೆ ಕರೆದು, ಇನ್ನೂ ದೊಡ್ಡ ಶಾಲು ಹೊದಿಸಿ, ಪೇಟ ಸುತ್ತಿ, ಇದೇ ಬ್ಯಾನರಿನ ಮುಂದೆ ಫೋಟೋ ಹೊಡೆಸುವುದು! ಅದಕ್ಕೂ ಚಪ್ಪಾಳೆ ಬಿತ್ತು. ಆಗ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಮುಂದಿನ ವಾರ ಆ ಸಂತೆಗೆ ನಾವು ಹೆಂಗಸರೆಲ್ಲ ಎಲ್ಲರಿಗಿಂತ ಮೊದಲು ಹೋದೆವು. ಮೈದಾನಕ್ಕೆ ಒಂದು ಕಂಪೌಂಡ್ ಗೋಡೆ ಇದೆ. ಗಂಡಸರ ಪಾಲಿಗೆ ಶೌಚಾಲಯ ಅದೇ. ಯಾರಿಗೂ ಮನವಿ ಕೊಡದೆ ಸಿಕ್ಕದ್ದು. ಆ ನಾತದಲ್ಲಿ ಬ್ಲೀಚಿಂಗ್ ಪೌಡರ್ ಚೆಲ್ಲಿ, ಮೂಗಿಗೆ ಸೆರಗು ಕಟ್ಟಿಕೊಂಡು, ಗೋಡೆಗುಂಟ ಈ ತುದಿಯಿಂದ ಆ ತುದಿಯವರೆಗೆ ತಾಡಪತ್ರಿ ಹಾಸಿದೆವು. ಪಲ್ಲೆ, ಬದನೆಕಾಯಿ, ಒಣಮೆಣಸಿನಕಾಯಿ, ಬಳೆ, ನನ್ನ ಪಾತ್ರೆ. ಒಂದು ಗೇಣು ಜಾಗ ಬಿಡಲಿಲ್ಲ.

ಮೊದಲು ಬಂದವನು ಧೋತರ ಎತ್ತಿಕೊಂಡೇ ಬಂದ. ನಮ್ಮನ್ನು ಕಂಡು ಗಕ್ಕನೆ ನಿಂತು, ಬದನೆಕಾಯಿ ರೇಟು ಕೇಳಿ ಹೋದ. ಬಿಸಿಲೇರಿದಂತೆ ಬರುವವರು ಹೆಚ್ಚಾದರು. ಚಹಾದ ಅಂಗಡಿಯವನ ವ್ಯಾಪಾರ ಅವತ್ತು ನಮ್ಮ ಪಾಲಿಗೆ ದೊಡ್ಡ ಸಹಾಯ ಮಾಡಿತು.

"ಇಲ್ಲ್ಯಾಕ ಹಚ್ಚೀರಿ ಅಂಗಡಿ?" ಎಂದು ಒಬ್ಬ ಸಿಟ್ಟಿನಿಂದ ಕೇಳಿದ.

"ವ್ಯಾಪಾರ ಮಾಡಾಕತ್ತೇವ್ರಿ. ನಿಮಗೇನು ಬೇಕಾಗಿತ್ತು?" ಎಂದೆ. ಅವನು ಬಂದ ದಾರಿಯಲ್ಲೇ ಅವಸರದಿಂದ ಹೋದ.

ಕಾಕಾಗೆ ಸಕ್ಕರೆ ಕಾಯಿಲೆ. ಅವರು ಮತ್ತೆ ಮತ್ತೆ ಬಂದು ಹೋದರು. ಕಡೆಗೆ ನನ್ನ ಮುಂದೆ ಬಂದು ನಿಂತಾಗ ಅವರ ಮುಖ ಬಿಳಿಚಿಕೊಂಡಿತ್ತು. ನನಗೆ ಕನಿಕರ ಬರಲಿಲ್ಲ. ಪಾತ್ರೆಯ ಕೆಳಗಿಟ್ಟಿದ್ದ ಕಾಗದ ತೆಗೆದು ಅವರ ಕೈಗೆ ಕೊಟ್ಟೆ. ಶಾಲು ತನ್ನ ಸ್ವಂತದ್ದು, ಸಂಘದ್ದಲ್ಲ, ಸಂಘ ಯಾರ ಪರವೂ ಅಲ್ಲ, ಗೆದ್ದವರಿಗೂ ಸನ್ಮಾನವಿಲ್ಲ, ನಿಯಮ ಮುರಿದದ್ದಕ್ಕೆ ಅಧ್ಯಕ್ಷಸ್ಥಾನ ಬಿಟ್ಟಿದ್ದೇನೆ. ಇಷ್ಟೇ ಬರೆದಿದ್ದೆ. ಅವರು ನಿಂತಲ್ಲೇ ಓದಿ, ನನ್ನದೇ ಪೆನ್ನಿನಿಂದ ಸಹಿ ಮಾಡಿದರು.

ನಾನು ಪಾತ್ರೆಗಳನ್ನು ಸರಿಸಿ ದಾರಿ ಬಿಟ್ಟೆ. ಅವರು ಗೋಡೆಯ ಕಡೆ ಹೋಗಲಿಲ್ಲ. ಸುತ್ತ ಕೂತ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಆಮೇಲೆ, ಇಷ್ಟು ವರ್ಷ ನನ್ನ ಮಗ್ಗುಲಲ್ಲೇ ಅಂಗಡಿ ಹಾಕಿದ ಮನುಷ್ಯ, ಮೊದಲ ಸಲ ಕೇಳಿದರು.

"ನೀವೆಲ್ಲಾ ಎಲ್ಲಿ ಹೋಗ್ತಿದ್ರವಾ?"

"ಎಲ್ಲೂ ಇಲ್ರಿ ಕಾಕಾ," ಎಂದೆ. "ಯಂಕಂಚಿ ಅಕ್ಕ ಒಬ್ಬಾಕಿ ದವಾಖಾನಿಗೆ ಹ್ವಾದ್ಳು."